ಒಂದೇ ಬೋಗಿಗೆ ಎರಡು ಬಿಸಿಲು

"ಅದರೊಳಗೆ ಇಲಿಯೂ ನುಗ್ಗೋಕಾಗಲ್ಲ ಮೇಡಂ. ಪೊಲೀಸ್ರು ನಾಯಿ ಕರ್ಕೊಂಡ್ ಬಂದು ಮೂಸಿಸಿ ಆಯ್ತು."

ಸಿಂಧು ಹೇಳಿದ್ದು ಕೇಳಿಸಿದರೂ ಪತ್ತೇದಾರಿ ನಿರುಪಮಾ ತಲೆಯೆತ್ತಲಿಲ್ಲ. ಹದಿನಾಲ್ಕನೇ ನಂಬರಿನ ಬೋಗಿಯ ನಟ್ಟನಡುವೆ ಮೊಣಕಾಲೂರಿ, ಟಾರ್ಚನ್ನು ನೆಲಕ್ಕೆ ತಾಗುವಷ್ಟು ಓರೆಯಾಗಿ ಹಿಡಿದು ನೋಡುತ್ತಿದ್ದಳು. ಮೊಣಕಾಲು ನೋಯುತ್ತಿತ್ತು. ಆದರೆ ಏಳುವ ಹಾಗಿರಲಿಲ್ಲ. ಬೋಗಿಯನ್ನು ನೋಡಲು ರೈಲು ಯಾರ್ಡಿನವರು ಕೊಟ್ಟಿದ್ದ ಸಮಯ ಮುಗಿಯುತ್ತ ಬಂದಿತ್ತು.

ಬೇಶೋರ್ ಲೈನಿನ ಲೈಟ್‌ರೈಲು ಬೋಗಿಗಳೆಲ್ಲ ಒಂದೇ ಥರ. ಒಂದೊಂದು ಬೋಗಿಗೂ ಎರಡು ಅರ್ಧ, ನಡುವೆ ಒಂದು ಕೀಲು. ಬೀದಿಯ ಕಿರಿದಾದ ತಿರುವುಗಳಲ್ಲಿ ಬೋಗಿ ಸೊಂಟ ಬಳುಕಿಸಿ ತಿರುಗಲೆಂದು ಆ ಏರ್ಪಾಡು. ಕೀಲಿನ ಎರಡೂ ಪಕ್ಕಕ್ಕೆ ಹಾರ್ಮೋನಿಯಮ್ಮಿನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ರಬ್ಬರಿನ ಗೋಡೆ. ಕಾಲಡಿಯಲ್ಲಿ ದುಂಡನೆಯ ದೊಡ್ಡ ಉಕ್ಕಿನ ತಟ್ಟೆ. ಅದನ್ನು ದಾಟಿದರೆ ಒಂದು ಅರ್ಧದಿಂದ ಇನ್ನೊಂದಕ್ಕೆ ಹೋಗಬಹುದು. ಅಲ್ಲಿ ಬಾಗಿಲಿಲ್ಲ, ಕಿಟಕಿಯೂ ಇಲ್ಲ.

ಸೋಮವಾರ ಬೆಳಗ್ಗೆ ಸಿಂಧುವಿನ ಅತ್ತೆ ವೆಂಕಟಮ್ಮ ಈ ತಟ್ಟೆಯ ಮೇಲೆ ಕಾಲಿಟ್ಟಿದ್ದರು. ಮೊದಲ ಅರ್ಧದ ಕ್ಯಾಮೆರಾದಲ್ಲಿ ಅವರ ಬೆನ್ನು, ನೀಲಿ ಸೀರೆ, ಮೇಲೆ ಹೊದ್ದ ಬೂದು ಸ್ವೆಟರು ಎಲ್ಲ ಸ್ಪಷ್ಟವಾಗಿತ್ತು. ಎರಡನೇ ಅರ್ಧದ ಕ್ಯಾಮೆರಾದಲ್ಲಿ ಅದೇ ಹೊತ್ತಿಗೆ ಬರೀ ಖಾಲಿ ಸೀಟುಗಳು. ಎಪ್ಪತ್ತು ದಾಟಿದ, ಇಂಗ್ಲಿಷ್ ಬಾರದ ಹೆಂಗಸು ಓಡುವ ಬೋಗಿಯ ಕೀಲಿನೊಳಗೆ ಇಲ್ಲವಾಗಿದ್ದರು.

ಇವತ್ತು ಗುರುವಾರ. ಬೆಳಗ್ಗೆ ಸಂಜೆ ಎರಡು ಹೊತ್ತೂ ವೆಂಕಟಮ್ಮ ಚುಚ್ಚಿಕೊಳ್ಳಬೇಕಾದ ಇನ್ಸುಲಿನ್ನು ಐಸಿನ ಪುಟ್ಟ ಡಬ್ಬಿಯೊಳಗೆ ಸಿಂಧುವಿನ ಕೈಯಲ್ಲಿತ್ತು. ಮೂರು ದಿನದಿಂದ ಅವಳು ಆ ಡಬ್ಬಿಯನ್ನು ಎಲ್ಲೂ ಕೆಳಗಿಟ್ಟಿರಲಿಲ್ಲ.

"ಇವತ್ತೂ ಸಿಗದಿದ್ರೆ..." ಎಂದಳು. ಡಾಕ್ಟರು ಫೋನಿನಲ್ಲಿ ಹೇಳಿದ್ದನ್ನು ಅವಳು ನಿರುಪಮಾಳಿಗೆ ಆಗಲೇ ಎರಡು ಸಲ ಹೇಳಿದ್ದಳು.

ಪೊಲೀಸರ ಲೆಕ್ಕ ಸರಳವಾಗಿತ್ತು. ಎರಡನೇ ಅರ್ಧಕ್ಕೆ ಬರಲಿಲ್ಲವೆಂದರೆ ಮುದುಕಿ ಕೀಲಿನ ಹತ್ತಿರವೇ ನಿಂತಿದ್ದು, ಪಕ್ಕದ ಬಾಗಿಲಲ್ಲಿ ಮಿಲ್ ಸ್ಲೂ ನಿಲ್ದಾಣಕ್ಕೆ ಇಳಿದಿರಬೇಕು. ಆ ಬಾಗಿಲು ಕ್ಯಾಮೆರಾಕ್ಕೆ ಪೂರ್ತಿ ಕಾಣುವುದಿಲ್ಲ. ಮಿಲ್ ಸ್ಲೂ ಇರುವುದು ಬೇಯ, ಅಂದರೆ ಕೊಲ್ಲಿಯ ನೀರು ಒಳಕ್ಕೆ ನುಗ್ಗುವ ಜೌಗಿನ ಅಂಚಿನಲ್ಲಿ. ಸೋಮವಾರ ಮಧ್ಯಾಹ್ನದಿಂದ ದೋಣಿ, ಡ್ರೋನು, ಕನ್ನಡ ಸಂಘದ ಹುಡುಗರು, ಎಲ್ಲರೂ ಆ ಕೆಸರಿನಲ್ಲೇ ಇದ್ದರು. ಸ್ಯಾನ್ ಮಟಿಯೋದ ಅರ್ಧಕ್ಕರ್ಧ ಕನ್ನಡದವರ ಶೂಗಳು ಕೆಸರಾಗಿದ್ದವು. ಸಿಕ್ಕಿದ್ದು ಯಾರದೋ ಹಳೆಯ ಛತ್ರಿ.

ಸಂಘದ ವಾಟ್ಸಾಪಿನಲ್ಲಿ ಬೇರೆಯದೇ ಹುಡುಕಾಟ ನಡೆದಿತ್ತು. ಸೊಸೆ ಜೊತೆಗೇ ಇದ್ದಳಂತೆ, ನೋಡಲೇ ಇಲ್ಲವಂತೆ, ನಂಬೋ ಮಾತಾ ಇದು?

ಸಿಂಧು ನೋಡಿರಲಿಲ್ಲ, ನಿಜ. ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟವಳು ದಾರಿಯಲ್ಲಿ ಆಫೀಸಿನ ಮೀಟಿಂಗು ಮುಗಿಸಿಬಿಡೋಣವೆಂದು ಲ್ಯಾಪ್‌ಟಾಪು ತೆರೆದು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಿದ್ದಳು. ಕಡೆಯ ನಿಲ್ದಾಣದಲ್ಲಿ ತಲೆಯೆತ್ತಿದಾಗ ಪಕ್ಕದ ಸೀಟು ಖಾಲಿ.

"ಸಿಂಧು, ಇಲ್ಲಿ ಬಾಮ್ಮ," ನಿರುಪಮಾ ಕರೆದಳು. "ಬಗ್ಗಿ ನೋಡು. ಈ ತಟ್ಟೆ ಮೇಲೆ ಏನು ಕಾಣ್ಸುತ್ತೆ?"

"ಗೀರುಗಳು."

"ಹ್ಯಾಗಿವೆ?"

"ಬಿಲ್ಲಿನ ಥರ. ಕಮಾನು ಕಮಾನು."

"ಈ ತಟ್ಟೆ ಮೊದಲ ಅರ್ಧಕ್ಕೆ ಸೇರಿದ್ದು. ಮೇಲೆ ಉಜ್ಜಿಕೊಂಡು ಹೋಗುತ್ತಲ್ಲ ಈ ಉಕ್ಕಿನ ಅಂಚು, ಇದು ಎರಡನೇ ಅರ್ಧದ್ದು. ಬೋಗಿ ತಿರುಗಿದಾಗೆಲ್ಲ ಅಂಚು ತಟ್ಟೆ ಮೇಲೆ ಉಜ್ಜುತ್ತೆ. ನಡುವೆ ಮರಳು ಸಿಕ್ಕಿದ್ರೆ ಎರಡಕ್ಕೂ ಗೀರು ಬೀಳುತ್ತೆ. ವರ್ಷಗಟ್ಟಲೆ ಹಾಗೇ ಉಜ್ಜಿದ್ರೆ?"

ಸಿಂಧು ಯೋಚಿಸಿದಳು. ಅವಳೂ ಎಂಜಿನಿಯರು. "ಎರಡರ ಗೀರೂ ಒಂದಕ್ಕೊಂದು ಕೂತ್ಕೋಬೇಕು."

ನಿರುಪಮಾ ಚೀಲದಿಂದ ತೆಳ್ಳನೆಯ ಹಾಳೆ ತೆಗೆದು ತಟ್ಟೆಯ ಮೇಲೆ ಹರಡಿ ಪೆನ್ಸಿಲ್ ಓರೆ ಮಾಡಿ ಉಜ್ಜಿದಳು. ಗೀರುಗಳು ಬೆಳ್ಳಗೆ ಮೂಡಿದವು. ಅದೇ ಹಾಳೆಯನ್ನು ಎರಡನೇ ಅರ್ಧದ ಅಂಚಿಗೆ ಹಿಡಿದಳು. ಅಂಚಿನಲ್ಲೂ ಆಳವಾದ ಗೀರುಗಳಿದ್ದವು. ಆದರೆ ಹಾಳೆಯ ಗೀರು ಇದ್ದಲ್ಲಿ ಅಂಚು ನುಣ್ಣಗಿತ್ತು. ಅಂಚಿನಲ್ಲಿ ಗೀರು ಇದ್ದಲ್ಲಿ ಹಾಳೆ ಕಪ್ಪಗಿತ್ತು. ಅತ್ತಿತ್ತ ಸರಿಸಿ ನೋಡಿದಳು. ಎಲ್ಲೂ ಕೂರಲಿಲ್ಲ.

ಪತ್ತೇದಾರಿಕೆಯ ಲೈಸೆನ್ಸು ತೆಗೆದುಕೊಳ್ಳುವ ಮೊದಲು ನಿರುಪಮಾ ಮಾಡುತ್ತಿದ್ದುದು ಇದೇ ಕೆಲಸ. ಲ್ಯಾಬಿನಲ್ಲಿ ಮುರಿದ ಲೋಹದ ಎರಡು ಮುಖಗಳನ್ನು ಪಕ್ಕಪಕ್ಕ ಇಟ್ಟು, ಇವು ಒಂದೇ ತುಂಡಿನವೋ ಬೇರೆಬೇರೆಯವೋ ಎಂದು ಹೇಳುವುದು. ಮೈಸೂರಿನ ಕಾಲೇಜಿನಲ್ಲಿ ಮೆಟಲರ್ಜಿ ಓದಿದ ಹುಡುಗಿ ಇಲ್ಲಿಗೆ ಬಂದು ಬದುಕಿದ್ದೆಲ್ಲ ಆ ಒಂದು ಪ್ರಶ್ನೆಯ ಮೇಲೆ.

"ಇನ್ನೊಂದು ತೋರಿಸ್ತೀನಿ," ಎಂದು ಫೋನು ತೆಗೆದಳು. ಪೊಲೀಸರು ಮನೆಯವರಿಗೆ ಕೊಟ್ಟಿದ್ದ ಎರಡು ತುಣುಕುಗಳು. ಮೊದಲ ಅರ್ಧದ್ದು ಉದ್ದವಾಗಿತ್ತು. ಎರಡನೇ ಅರ್ಧದ್ದು ವೆಂಕಟಮ್ಮ ದಾಟಿದ ಹೊತ್ತಿನ ಚಿಕ್ಕ ತುಣುಕು ಮಾತ್ರ, ಮುಂದಿನ ನಿಲ್ದಾಣ ಬರುವ ಮೊದಲೇ ಮುಗಿಯುತ್ತಿತ್ತು. ಎರಡನ್ನೂ ಒಂದೇ ಕ್ಷಣಕ್ಕೆ ನಿಲ್ಲಿಸಿದಳು. "ನೆಲ ನೋಡು. ಹಿಡ್ಕೊಳ್ಳೋ ಕಂಬಿಯ ನೆರಳು."

ಮೊದಲ ಅರ್ಧದಲ್ಲಿ ಕಂಬಿಯ ನೆರಳು ನಡುದಾರಿಗೆ ಅಡ್ಡಲಾಗಿ ಬಿದ್ದಿತ್ತು. ಬೇ ಕಡೆಯಿಂದ ಬಂದ ಬೆಳಗಿನ ಬಿಸಿಲು. ಎರಡನೇ ಅರ್ಧದಲ್ಲಿ ಅದೇ ಕಂಬಿಯ ನೆರಳು ನಡುದಾರಿಯ ಉದ್ದಕ್ಕೆ ಮಲಗಿತ್ತು.

"ಬೋಗಿ ತಿರುಗ್ತಾ ಇತ್ತೇನೋ?"

"ಮಿಲ್ ಸ್ಲೂಗೆ ಮುಂಚೆ ಹಳಿ ನೂಲು ಹಿಡಿದ ಹಾಗೆ ನೇರ. ತಿರುವಲ್ಲೇ ಇದ್ರೂ ಈ ಕೀಲು ಇಷ್ಟು ಬಗ್ಗಲ್ಲ. ನೆರಳು ಹೀಗೆ ಬೀಳ್ಬೇಕಾದ್ರೆ ಬೋಗಿ ಬಡಗಿಯ ಮೂಲೆಮಟ್ಟದ ಹಾಗೆ ಮಡಚ್ಕೊಂಡಿರಬೇಕು."

ಕಿಟಕಿಗಳಾಚೆ ಎಲ್ಲ ಬಿಸಿಲ ಬೆಳಕಿಗೆ ಬರೀ ಬೆಳ್ಳಗಾಗಿದ್ದರಿಂದ ಊರು ಕಾಣುತ್ತಿರಲಿಲ್ಲ. ಪೊಲೀಸರು ಆ ತುಣುಕಿನಲ್ಲಿ ಒಬ್ಬ ಹೆಂಗಸನ್ನು ಹುಡುಕಿದ್ದರು. ನೆಲದ ಮೇಲಿನ ನೆರಳನ್ನು ಯಾರು ನೋಡುತ್ತಾರೆ?

ಸಿಂಧುವಿನ ಮುಖದ ಬಣ್ಣ ಬದಲಾಯಿತು. "ಮೇಡಂ... ಇದು ಬೇರೆ ಬೋಗಿ."

ನಿರುಪಮಾ ಬಾಯಿ ತೆರೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಶೂ ಸದ್ದಾಯಿತು.

"ಕಾಫಿ ತರಿಸ್ಲಾ ಮೇಡಂ? ಕಾಫಿ ಅಂದ್ರೆ ನಮ್ಮ ಯಾರ್ಡಿನ ಕಾಫಿ, ಡೀಸೆಲ್‌ಗಿಂತ ಸ್ವಲ್ಪ ತೆಳ್ಳಗಿರುತ್ತೆ ಅಷ್ಟೆ."

ಶೇಷಾದ್ರಿ. ಬೋಗಿಗಳ ರಿಪೇರಿಯ ಗುತ್ತಿಗೆ ಹಿಡಿದ ಕಂಪನಿಯಲ್ಲಿ ಈ ಯಾರ್ಡಿನ ಮುಖ್ಯಸ್ಥ. ಬಸವನಗುಡಿಯವನು, ನಲವತ್ತರ ಆಸುಪಾಸು, ಸಂಘದ ಗಣೇಶನ ಹಬ್ಬಕ್ಕೆ ಮೈಕು ಸ್ಪೀಕರು ಹೊಂದಿಸುವವನು. ಕಿತ್ತಳೆ ಬಣ್ಣದ ಜಾಕೆಟ್ಟಿನ ಮೇಲೆ ನಗುಮುಖ. ಇಂದು ಬೆಳಗ್ಗೆ ಗೇಟಿನಲ್ಲಿ ಇವರನ್ನು ಒಳಗೆ ಬಿಟ್ಟಿದ್ದೂ ಅವನೇ. ಸಿಂಧುವಿನ ಮುಖವನ್ನು ಮಾತ್ರ ಅವನು ಆಗಿನಿಂದ ನೋಡಿರಲಿಲ್ಲ.

"ಕಾಫಿ ಬೇಡ ಶೇಷಾದ್ರಿ. ಈ ಬೋಗಿಗೆ ಎಷ್ಟು ವರ್ಷ?"

"ಹನ್ನೆರಡು ಇರಬಹುದು."

"ಎರಡೂ ಅರ್ಧಕ್ಕೂ?"

ಅವನು ನಕ್ಕ. "ಏನು ಮೇಡಂ, ಗಂಡ ಹೆಂಡ್ತೀನ ಕೂರಿಸ್ಕೊಂಡು ವಯಸ್ಸು ಕೇಳಿದ ಹಾಗೆ ಕೇಳ್ತೀರಿ!"

"ಮದುವೆ ಯಾವಾಗ ಆಯ್ತು ಅಂತ ಕೇಳ್ತಿದೀನಿ. ಇದು ಎರಡನೇ ಮದುವೆ ಅನ್ಸುತ್ತೆ."

ನಗು ನಿಂತಿತು. ನಿರುಪಮಾ ಪೆನ್ಸಿಲ್ ಉಜ್ಜಿದ ಹಾಳೆಯನ್ನು ಅವನ ಕೈಗಿತ್ತಳು. ಅವನು ಅದನ್ನು ತಟ್ಟೆಗಾಗಲಿ ಅಂಚಿಗಾಗಲಿ ಹಿಡಿದು ನೋಡಲಿಲ್ಲ. ನೋಡದೇ ಇದ್ದದ್ದೇ ಅವಳಿಗೆ ಸಾಕಾಯಿತು.

"ಯಾವ ಬೋಗಿಯ ಅರ್ಧ ಇದು?"

"ಮೇಡಂ, ಇದೆಲ್ಲ ಟೆಕ್ನಿಕಲ್ಲು, ಪೊಲೀಸ್ ವಿಷಯಕ್ಕೂ ಇದಕ್ಕೂ—"

"ಯಾವ ಬೋಗಿಯದು?"

ಹೊರಗೆ ಯಾವುದೋ ಬೋಗಿ ಗಂಟೆ ಬಾರಿಸುತ್ತ ಯಾರ್ಡಿನಿಂದ ಹೊರಟಿತು. ಶೇಷಾದ್ರಿ ಹತ್ತಿರದ ಸೀಟಿನಲ್ಲಿ ಕುಸಿದು ಕುಳಿತ.

"ಹದಿನೇಳರದ್ದು," ಎಂದ. "ಎಲ್ಲ ಯಾರ್ಡಲ್ಲೂ ಮಾಡ್ತಾರೆ ಮೇಡಂ. ಹದಿನಾಲ್ಕರ ಎರಡನೇ ಅರ್ಧಕ್ಕೆ ಬಾಗಿಲಿನ ಮೋಟರು ಹೋಗಿತ್ತು. ಹದಿನೇಳರ ಮೊದಲ ಅರ್ಧಕ್ಕೆ ಬ್ರೇಕು. ಪಾರ್ಟು ಬರೋಕೆ ತಿಂಗಳುಗಟ್ಟಲೆ. ಎರಡು ಬೋಗೀನೂ ನಿಲ್ಲಿಸ್ಕೊಂಡು ಕೂರೋ ಬದಲು, ಕೀಲು ಬಿಚ್ಚಿ ಚೆನ್ನಾಗಿರೋ ಎರಡು ಅರ್ಧ ಸೇರಿಸಿದ್ವಿ. ಒಂದು ಬೋಗಿ ಓಡ್ತಲ್ಲ."

"ಆಮೇಲೆ ಪಾರ್ಟು ಬಂತು. ಉಳಿದ ಎರಡು ಅರ್ಧಾನೂ ಸೇರಿಸಿ ಇನ್ನೊಂದು ಮಾಡಿದ್ರಿ."

"ಹೌದು. ಮತ್ತೆ ಬಿಚ್ಚಿ ಮೊದಲಿನ ಹಾಗೆ ಮಾಡೋಕೆ ಟೈಮೆಲ್ಲಿ? ದಿನಾ ಬೋಗಿ ಕಡಿಮೆ, ದಿನಾ ಬೈಗುಳ."

"ಹೊರಗಿನ ನಂಬರು?"

"ಸ್ಟಿಕ್ಕರು ಬದಲಾಯಿಸಿದ್ವಿ."

"ಒಳಗಿನ ಕ್ಯಾಮೆರಾ ರೆಕಾರ್ಡರು?"

ಶೇಷಾದ್ರಿ ತಲೆ ತಗ್ಗಿಸಿದ. "ಅರ್ಧಕ್ಕೊಂದು ಇರುತ್ತೆ. ಅದರ ಹಳೇ ನಂಬರನ್ನ... ನಾವು ಬದಲಾಯಿಸಿಲ್ಲ."

ಸಿಂಧು ಒಬ್ಬರಾದ ಮೇಲೊಬ್ಬರ ಮುಖ ನೋಡುತ್ತಿದ್ದಳು. ನಿರುಪಮಾ ಅವಳ ಕಡೆ ತಿರುಗಿದಳು. ಈ ಮಾತನ್ನು ಅವಳಿಗೆ ನಿಧಾನವಾಗಿ ಹೇಳಬೇಕಿತ್ತು.

"ಪೊಲೀಸ್ರು ಹದಿನಾಲ್ಕನೇ ಬೋಗಿದು ಕೊಡಿ ಅಂದ್ರು. ಕಂಪ್ಯೂಟರು ಹದಿನಾಲ್ಕು ಅಂತ ಹೆಸರಿರೋ ಎರಡು ಅರ್ಧದ್ದೂ ತೆಗೆದು ಕೊಟ್ಟಿತು. ಆದ್ರೆ ಹದಿನಾಲ್ಕರ ಎರಡನೇ ಅರ್ಧ ಸೋಮವಾರ ಇಲ್ಲಿ ಇರ್ಲೇ ಇಲ್ಲ ಕಣಮ್ಮ. ಅದು ಹದಿನೇಳರ ಬಾಲವಾಗಿ ಬೆಟ್ಟದ ಕಡೆ ಲೈನಲ್ಲಿ ಓಡ್ತಿತ್ತು. ನಿಮ್ಮತ್ತೆ ಎಲ್ಲೂ ಮಾಯ ಆಗಿಲ್ಲ. ಈ ತಟ್ಟೆ ದಾಟಿ, ಅಗೋ, ಅಲ್ಲಿಗೆ ಹೋಗಿದಾರೆ."

"ಹಂಗಾದ್ರೆ ಮಿಲ್ ಸ್ಲೂ?"

"ಅಲ್ಲಿ ಇಳಿದ್ರು ಅನ್ನೋದಕ್ಕೆ ಏನೂ ಆಧಾರ ಇಲ್ಲ."

ಸಿಂಧು ಎರಡನೇ ಅರ್ಧದ ಖಾಲಿ ಸೀಟುಗಳನ್ನೇ ನೋಡುತ್ತ ನಿಂತಳು. ಮೂರು ದಿನ. ದೋಣಿ, ಕೆಸರು, ಉದ್ದುದ್ದ ಕೋಲು ಹಿಡಿದು ನೀರು ಚುಚ್ಚುತ್ತಿದ್ದ ಹುಡುಗರು.

"ನಿಮಗೆ ಯಾವಾಗ ಗೊತ್ತಾಯ್ತು ಸಾರ್?" ಎಂದಳು. ದನಿ ತೀರ ಮೆಲ್ಲಗಿತ್ತು.

"ಮಂಗಳವಾರ. ನ್ಯೂಸಲ್ಲಿ ಕೀಲಿನಲ್ಲಿ ಕಾಣೆಯಾದ್ರು ಅಂದಾಗ."

"ಎರಡು ದಿನ ಸುಮ್ನಿದ್ರಿ."

"ನನ್ನದು ಇನ್ನೂ ಎಚ್ ಒನ್ ಬಿ ವೀಸಾ ಕಣಮ್ಮ. ಸೇಫ್ಟಿ ಇನ್ಸ್‌ಪೆಕ್ಟರಿಗೆ ಹೇಳದೆ ಕೀಲು ಬಿಚ್ಚಿದ್ದು ನಾನು. ಇದು ಹೊರಗೆ ಬಂದ್ರೆ ಅವತ್ತೇ ಕೆಲಸ ಹೋಗುತ್ತೆ. ಅರವತ್ತು ದಿನದಲ್ಲಿ ದೇಶ ಬಿಡಬೇಕು. ನನ್ನ ಮಗಳು ಇಲ್ಲಿ ಮಿಡ್ಲ್ ಸ್ಕೂಲು... ಹೇಗೂ ಹುಡುಕ್ತಿದಾರಲ್ಲ, ಸಿಕ್ಕೇ ಸಿಗ್ತಾರೆ, ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ."

ಸಿಂಧು ಬೈಯಲಿಲ್ಲ. ಮುಂದೆ ಬಂದು ಐಸಿನ ಡಬ್ಬಿಯನ್ನು ಅವನ ತೊಡೆಯ ಮೇಲಿಟ್ಟಳು.

"ಇದು ನೀವೇ ಇಟ್ಕೊಳ್ಳಿ ಸಾರ್. ಊಟಕ್ಕೆ ಮುಂಚೆ ಚುಚ್ಚಬೇಕು. ನಮ್ಮತ್ತೆ ಸಿಕ್ಕಿದ ಮೇಲೆ, ನಿಮಗೆ ಅನುಕೂಲ ಆದಾಗ ಕೊಡಿ."

ಶೇಷಾದ್ರಿ ಡಬ್ಬಿಯನ್ನು ಮುಟ್ಟಲೂ ಇಲ್ಲ, ಸರಿಸಲೂ ಇಲ್ಲ. ಎರ‍ಡೂ ಕೈ ಗಾಳಿಯಲ್ಲಿ ಹಾಗೇ ನಿಂತವು.

ಆಗಲೇ ನಿರುಪಮಾಳಿಗೆ ತನ್ನ ಕುತ್ತಿಗೆಯ ಹಿಂದೆ ತಣ್ಣಗಾಗುತ್ತಿರುವುದು ಗೊತ್ತಾದದ್ದು. ಇಷ್ಟು ಹೊತ್ತೂ ಅದು ಇತ್ತು; ಗಮನಿಸಿರಲಿಲ್ಲ. ಸೂರಿನ ತೂತುಗಳಿಂದ ಎ.ಸಿ. ಗಾಳಿ ಬೀಸುತ್ತಿತ್ತು. ಕಾಲಡಿಯಲ್ಲಿ ಏನೋ ಸಣ್ಣಗೆ ಗುಂಯ್‌ಗುಡುತ್ತಿತ್ತು.

"ಶೇಷಾದ್ರಿ, ಪೊಲೀಸ್ರು ಈ ಬೋಗೀನ ಸೋಮವಾರ ಸಂಜೆಯಿಂದ ನಿಲ್ಲಿಸಿದಾರೆ. ಅಲ್ವಾ?"

"ಹೌದು."

"ನಿಂತಿರೋ ಬೋಗಿಗೆ ಪವರ್ ಯಾಕಿದೆ?"

ಶೇಷಾದ್ರಿಯ ಕಣ್ಣು ಎರಡನೇ ಅರ್ಧದ ಕೊನೆಯ ಸೀಟಿನ ಕಡೆ ಹೋಯಿತು.

"ರೆಕಾರ್ಡರಲ್ಲಿ ಎಷ್ಟು ದಿನದ್ದು ಉಳಿಯುತ್ತೆ?"

"ಮೂರು ದಿನ," ಎಂದ ಅವನು ನೆಲ ನೋಡುತ್ತ. "ಆಮೇಲೆ ಹಳೇದರ ಮೇಲೆ ಹೊಸದು ಬರ್ಕೊಳ್ಳುತ್ತೆ."

ಪವರ್ ಇದ್ದಷ್ಟು ಹೊತ್ತೂ ಆ ಪೆಟ್ಟಿಗೆ ಖಾಲಿ ಸೀಟುಗಳ ಚಿತ್ರ ತೆಗೆಯುತ್ತಲೇ ಇತ್ತು. ಸೋಮವಾರ ಬೆಳಗಿನ ಮೇಲೆ ಈಗ ಗುರುವಾರ ಬೆಳಗು ಬರೆದುಕೊಳ್ಳುತ್ತಿತ್ತು. ವೆಂಕಟಮ್ಮ ಬೋಗಿ ಹತ್ತಿದ ಹೊತ್ತು ಆಗಲೇ ಕಳೆದಿತ್ತು.

"ಆಫ್ ಮಾಡಿ!" ನಿರುಪಮಾ ಕೂಗಿದಳು. ಅಷ್ಟು ಜೋರು ದನಿ ತನ್ನಲ್ಲಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ಈಗಲೇ ಆಫ್ ಮಾಡ್ರೀ!"

ಶೇಷಾದ್ರಿ ಎದ್ದು ಓಡಿದ. ಡಬ್ಬಿ ನೆಲಕ್ಕೆ ಬೀಳುವುದರೊಳಗೆ ಸಿಂಧು ಹಿಡಿದಳು. ಡ್ರೈವರಿನ ಕ್ಯಾಬಿನ ಕಡೆಯಿಂದ ದೊಡ್ಡದಾಗಿ ಟಕ್ಕೆಂದು ಸದ್ದಾಯಿತು. ದೀಪಗಳು ಆರಿದವು, ಗಾಳಿ ನಿಂತಿತು.

ಅವನು ಹಿಂತಿರುಗಿದಾಗ ಕೈಯಲ್ಲಿ ಲ್ಯಾಪ್‌ಟಾಪು, ಹೆಗಲಿಗೆ ವೈರಿನ ಸುರುಳಿ. ಯಾರ ಮುಖವನ್ನೂ ನೋಡದೆ ಎರಡನೇ ಅರ್ಧದ ಕೊನೆಯ ಸೀಟನ್ನು ಎತ್ತಿ, ಅಡಿಯ ಪೆಟ್ಟಿಗೆ ಹೊರಗೆಳೆದು, ವೈರು ಸಿಕ್ಕಿಸಿದ. ಬೆವರು ಮೂಗಿನ ತುದಿಯಿಂದ ಕೀಬೋರ್ಡಿನ ಮೇಲೆ ಬೀಳುತ್ತಿತ್ತು.

"ಎಷ್ಟು ಉಳಿದಿದೆಯೋ ದೇವರೇ ಬಲ್ಲ," ಎಂದ.

"ದೇವರನ್ನ ಬಿಡಿ. ಓಪನ್ ಮಾಡಿ."

ಪರದೆ ಬೆಳಗಿತು. ಉಳಿದದ್ದರಲ್ಲಿ ತೀರ ಹಳೆಯ ಚಿತ್ರ ಅದು. ವೆಂಕಟಮ್ಮ ತಟ್ಟೆ ದಾಟಿದ ಕ್ಷಣ ಅಳಿಸಿಹೋಗಿತ್ತು. ಆದರೆ ಅವರು ಇದ್ದರು.

ಬೇ ಕಡೆಯ ಕಿಟಕಿಯ ಪಕ್ಕ, ಅಡ್ಡ ಬಿದ್ದ ಬಿಸಿಲಿನಲ್ಲಿ ಕೂತಿದ್ದರು. ಸ್ವೆಟರನ್ನು ಒಂದು ಭುಜದಿಂದ ಜಾರಿಸಿ, ಕಣ್ಣು ಮುಚ್ಚಿ, ಮುಖವನ್ನು ಬಿಸಿಲಿಗೊಡ್ಡಿದ್ದರು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಏನೋ ಗುನುಗುತ್ತಿದ್ದಿರಬೇಕು.

ಸಿಂಧು ಪರದೆಯ ಹತ್ತಿರಕ್ಕೆ ಬಗ್ಗಿದಳು. "ಬಿಸ್ಲು ಕಾಯಿಸ್ತಾ ಕುಂತವ್ರೆ ಮೇಡಂ. ನಂಗೆ ಹೇಳಿದ್ರು ಅನ್ಸುತ್ತೆ, ಆ ಕಡೆ ಬಿಸ್ಲು ಐತೆ ಕಣವ್ವ, ಹೋಗ್ತೀನಿ ಅಂತ. ನಾನು ಮೀಟಿಂಗಲ್ಲಿ ಹೂಂ ಅಂದೆ. ಅದಕ್ಕೇ ಹೋಗಿದ್ದು. ಅಷ್ಟೇ."

ಬೋಗಿ ನಿಧಾನವಾಯಿತು. ಮಿಲ್ ಸ್ಲೂ. ಬಾಗಿಲು ತೆರೆಯಿತು.

ವೆಂಕಟಮ್ಮ ಕಣ್ಣು ಬಿಟ್ಟು ಹೊರಗೆ ನೋಡಿದರು. ಮುಖ ಹಾಗೇ ಸೆಟೆದುಕೊಂಡಿತು. ಮರುಕ್ಷಣ ಆ ವಯಸ್ಸಿಗೆ ನಂಬಲಾಗದ ಚುರುಕಿನಿಂದ ಸೀಟಿನಿಂದ ಜಾರಿ, ಕೀಲಿನ ರಬ್ಬರ್ ಗೋಡೆಗೂ ಮೊದಲ ಸೀಟಿಗೂ ನಡುವಿನ ಸಂದಿಗೆ ಹೋಗಿ ಕುಕ್ಕರಗಾಲಲ್ಲಿ ಕುಳಿತರು. ಹೊರಗೆ ಉಳಿದಿದ್ದ ಸೆರಗನ್ನು ಎಳೆದುಕೊಂಡರು. ಬಾಯಿಗೆ ಕೈ ಅಡ್ಡ ಹಿಡಿದರು.

ಬಾಗಿಲಲ್ಲಿ ಒಬ್ಬ ಗಂಡಸು ಕಾಣಿಸಿದ. ಒಂದು ಕಾಲು ಒಳಗಿಟ್ಟು, ಕತ್ತು ಚಾಚಿ, ಸೀಟಿನಿಂದ ಸೀಟಿಗೆ ಕಣ್ಣಾಡಿಸಿದ. ತಲೆಗೆ ಕರಿ ಟೋಪಿ, ಮೈಮೇಲೆ ಮರೂನ್ ಜಾಕೆಟ್ಟು. ಸಂದಿಯಲ್ಲಿ ಕೂತವರು ಅವನಿಗೆ ಕಾಣಲಿಲ್ಲ. ಕಾಲು ಹಿಂದಕ್ಕೆಳೆದುಕೊಂಡ. ಬಾಗಿಲು ಮುಚ್ಚಿತು.

"ಹಿಂದಕ್ಕೆ ಹಾಕಿ," ಎಂದಳು ಸಿಂಧು.

ಶೇಷಾದ್ರಿ ಹಿಂದಕ್ಕೆ ಹಾಕಿ, ಆ ಮುಖ ಒಳಗೆ ಚಾಚಿದಲ್ಲಿ ನಿಲ್ಲಿಸಿದ.

"ಆ ಜಾಕೆಟ್ಟು ನಾನೇ ಕೊಡ್ಸಿದ್ದು," ಎಂದಳು. ಇನ್ನೂ ಒಂದು ಸಲ ನೋಡಿದಳು, ಯಾರೋ ಬೇರೆಯವರಾಗಲಿ ಎಂಬಂತೆ. "ನಮ್ಮ ಮನೆಯವ್ರು."

ನಿರುಪಮಾ ಯೋಗಾನಂದನನ್ನು ಎರಡು ಸಲ ನೋಡಿದ್ದಳು. ಸಿಂಧುವಿನ ಗಂಡ, ವೆಂಕಟಮ್ಮನ ಒಬ್ಬನೇ ಮಗ. ಮೊದಲ ದಿನವೇ, ಪೊಲೀಸರಿದ್ದಾರಲ್ಲ, ಪತ್ತೇದಾರರೆಲ್ಲ ಯಾಕೆ ಎಂದು ಹೆಂಡತಿಯ ಮೇಲೆ ರೇಗಿದ್ದ.

"ಸೋಮವಾರ ಬೆಳಗ್ಗೆ ಅವರು ಎಲ್ಲಿದ್ರು ಅಂತ ಹೇಳಿದ್ರು?"

"ಡ್ಯಾನ್‌ವಿಲ್‌ನಲ್ಲಿ. ಕ್ಲೈಂಟ್ ಮನೇಲಿ. ಪೊಲೀಸ್ರಿಗೂ ಅದನ್ನೇ ಹೇಳವ್ರೆ."

ಡ್ಯಾನ್‌ವಿಲ್ ಇರುವುದು ಬೇಯ ಆಚೆ ದಡದಲ್ಲಿ, ಸೇತುವೆ ದಾಟಿ, ಬೆಟ್ಟ ಬಳಸಿ.

ಅವಸರದ ತೀರ್ಮಾನ ನಿರುಪಮಾಳ ಜಾಯಮಾನವಲ್ಲ. ತಾಯಿಗೆ ಗೊತ್ತಾಗದ ಹಾಗೆ ಬಂದು ಡಾಕ್ಟರ ಹತ್ತಿರ ತಾನೂ ಹೋಗೋಣವೆಂದುಕೊಂಡಿದ್ದನೇ? ಹಾಗಾದರೆ ಮೊದಲ ಅರ್ಧದಲ್ಲಿ ಕೂತಿದ್ದ ಹೆಂಡತಿಯನ್ನು ಯಾಕೆ ಮಾತಾಡಿಸಲಿಲ್ಲ? ಮೂರು ದಿನ ಯಾಕೆ ಬಾಯಿ ಬಿಡಲಿಲ್ಲ? ಇವಕ್ಕೆಲ್ಲ ಹೇಗೋ ಒಂದು ಉತ್ತರ ಹೊಂದಿಸಬಹುದು. ಹೆತ್ತ ತಾಯಿ ಮಗನನ್ನು ಕಂಡು ಬಾಯಿಗೆ ಕೈ ಅಡ್ಡ ಹಿಡಿದದ್ದಕ್ಕೆ ಯಾವ ಉತ್ತರವೂ ಹೊಂದಲಿಲ್ಲ.

"ಮುಂದೆ ಓಡಿಸಿ," ಎಂದಳು.

ಹೆರನ್ ಕೋರ್ಟ್ ನಿಲ್ದಾಣ ಬಂತು, ಹೋಯಿತು. ವೆಂಕಟಮ್ಮ ಏಳಲಿಲ್ಲ. ಅದರ ಮುಂದಿನದು ಬೀಕನ್ ಸ್ಟ್ರೀಟ್. ಅಲ್ಲಿ ಬಾಗಿಲು ತೆರೆದಾಗ ಕಂಬಿ ಹಿಡಿದು ಎದ್ದರು. ಹೊರಗೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಇಳಿದರು. ಕ್ಯಾಮೆರಾಕ್ಕೆ ಕೊನೆಗೆ ಕಂಡದ್ದು ಒಂದು ಕೈ ಮತ್ತು ಬೂದು ಸ್ವೆಟರಿನ ತೋಳು.

"ಬೀಕನ್ ಸ್ಟ್ರೀಟ್," ಎಂದಳು ಸಿಂಧು, ಉಸಿರು ಬಿಡುತ್ತ. "ಅಲ್ಲಿ ಒಬ್ಬರೂ ಹುಡುಕಿಲ್ಲ. ಒಬ್ಬರೂ. ನಡೀರಿ ಮೇಡಂ!"

"ಮೊದಲು ಪೊಲೀಸ್ ಆಫೀಸರಿಗೆ ಫೋನು ಮಾಡ್ತೀನಿ. ಶೇಷಾದ್ರಿ, ಈ ತುಣುಕಿನ ಒಂದು ಕಾಪಿ ನನಗೆ, ಒಂದು ಪೊಲೀಸ್ರಿಗೆ. ಕಳಿಸಿ."

"ಕಳಿಸ್ತೀನಿ," ಎಂದ ಶೇಷಾದ್ರಿ. "ಜೊತೆಗೆ ನಾನು ಮಾಡಿದ್ದನ್ನೂ ಬರೀತೀನಿ," ಎಂದ. ಸಿಂಧು ಆಗಲೇ ಬಾಗಿಲ ಕಡೆ ತಿರುಗಿದ್ದಳು.

ಸಿಂಧುವಿನ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಗಂಡನ ಹೆಸರು.

ನಿರುಪಮಾ ಬೇಡವೆಂದು ತಲೆಯಾಡಿಸಿದಳು. ಸಿಂಧು ಒಂದು ಗಳಿಗೆ ಅವಳನ್ನೇ ನೋಡಿ, ಎತ್ತಿಕೊಂಡು ಸ್ಪೀಕರು ಒತ್ತಿದಳು.

"ಎಲ್ಲಿದ್ದೀಯ?" ಯೋಗಾನಂದನ ದನಿ. ಹಿಂದೆ ಗಾಳಿಯ ಸದ್ದು. "ಮನೆಗೆ ಫೋನ್ ಮಾಡಿದ್ರೆ ಎತ್ತಲ್ಲ. ಆ ಮೈಸೂರಮ್ಮನ ಹಿಂದೆ ಸುತ್ತುತಿದ್ದೀಯಾ? ಬೂತಗನ್ನಡಿ ಹಿಡ್ಕೊಂಡು ರೈಲು ಮೂಸ್ತಾವ್ಳಂತಲ್ಲ!"

"ಹೂಂ, ಯಾರ್ಡಲ್ಲಿದೀನಿ."

"ಏನಾದ್ರೂ ಸಿಕ್ತಾ?"

ಸಿಂಧು ಲ್ಯಾಪ್‌ಟಾಪಿನ ಕಡೆ ನೋಡಿದಳು. ಬೀಕನ್ ಸ್ಟ್ರೀಟಿನ ತೆರೆದ ಬಾಗಿಲು ಅಲ್ಲೇ ನಿಂತಿತ್ತು.

"ಸಿಕ್ತು ಕಣ್ರೀ. ಬೇರೆ ವಿಡಿಯೋ ಸಿಕ್ತು. ಅತ್ತೆ ಇಳಿಯೋದು ಕಾಣ್ಸುತ್ತೆ."

"ಎಲ್ಲಿ?"

ತಕ್ಷಣ ಬಂತು ಆ ಮಾತು. ಅವ್ವ ಹೇಗಿದ್ದರು, ಜೊತೆಗೆ ಯಾರಿದ್ದರು, ಏನನ್ನೂ ಅವನು ಕೇಳಲಿಲ್ಲ. ಸಿಂಧುವೂ ಅದನ್ನು ಗಮನಿಸಿದಳೆಂದು ನಿರುಪಮಾಳಿಗೆ ಗೊತ್ತಾಯಿತು. ಫೋನು ಹಿಡಿದ ಬೆರಳುಗಳ ತುದಿ ಬೆಳ್ಳಗಾಗಿದ್ದವು.

ಮೂರು ದಿನದಿಂದ ಈ ಹೆಣ್ಣುಮಗಳು ಪೊಲೀಸರಿಗೆ, ಗಂಡನಿಗೆ, ಸಂಘದವರಿಗೆ ನಿಜವನ್ನೇ ಹೇಳುತ್ತ ಬಂದಿದ್ದಳು. ಒಬ್ಬರೂ ನಂಬಿರಲಿಲ್ಲ.

"ಲಾರೆಲ್ ಟೆರೇಸು," ಎಂದಳು ಸಿಂಧು. ಲೈನಿನ ಇನ್ನೊಂದು ತುದಿಯ ನಿಲ್ದಾಣ ಅದು. ದನಿ ನಡುಗಲಿಲ್ಲ. "ವಾಪಸ್ ಹೋಗೋ ರೈಲು ಹತ್ಕೊಂಡವ್ರೆ. ಲಾರೆಲ್ ಟೆರೇಸಲ್ಲಿ ಇಳಿದವ್ರೆ."

"ಗ್ಯಾರಂಟಿನಾ?"

"ಕಣ್ಣಾರೆ ನೋಡ್ದೆ. ನೀವು ಎಲ್ಲಿದ್ದೀರಿ?"

"ಡ್ಯಾನ್‌ವಿಲ್‌ನಲ್ಲೇ ಕಣೆ, ಇನ್ನೆಲ್ಲಿರ್ತೀನಿ. ಫ್ರೀವೇ ಹಿಡಿದು ಬತ್ತೀನಿ. ಪೊಲೀಸ್ರಿಗೆ ಈಗಲೇ ಹೇಳ್ಬೇಡ. ಯೂನಿಫಾರಂ ಕಂಡ್ರೆ ಅವ್ವ ಹೆದರ್ಕೊತಾಳೆ. ನಾನೇ ಹೋಗಿ ಕರ್ಕೊಂಡ್—"

ಅವನ ಮಾತಿನ ಮೇಲೆಯೇ ಒಂದು ಗಂಟೆ ಬಾರಿಸಿತು. ಡಿಂಗ್, ಡಿಂಗ್. ಬೇಶೋರ್ ಲೈನಿನ ಬೋಗಿಗಳ ಗಂಟೆ. ಅದರ ಬೆನ್ನಿಗೇ, ಎಲ್ಲ ನಿಲ್ದಾಣಗಳಲ್ಲೂ ಕೇಳಿಸುವ ಹೆಂಗಸಿನ ಆ ನುಣ್ಣನೆಯ ದನಿ ಫೋನಿನೊಳಗಿಂದ ಬೋಗಿಯ ತುಂಬ ಹರಡಿತು.

"ಬೀಕನ್ ಸ್ಟ್ರೀಟ್. ದಿಸ್ ಈಸ್ ಬೀಕನ್ ಸ್ಟ್ರೀಟ್."

ಶೇಷಾದ್ರಿ ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟವನು ಹಾಗೇ ಇದ್ದ.

ಫೋನಿನಲ್ಲಿ ಬಾಗಿಲುಗಳು ಮುಚ್ಚುವ ಸದ್ದು ಕೇಳಿಸಿತು, ಬೋಗಿ ಹೊರಟು ಹೋಗುವ ಸದ್ದು. ಆಮೇಲೆ ಬರೀ ಗಾಳಿ.

"ಸಿಂಧು," ಎಂದ ಯೋಗಾನಂದ. ಈ ಸಲ ಬಹಳ ಮೆತ್ತಗೆ. "ಇನ್ನೊಂದ್ ಸಲ ಹೇಳು ನೋಡನ. ಅವ್ವ ಇಳಿದಿದ್ದು ಯಾವ ಸ್ಟೇಷನ್ನು?"